ಗಟ್ಟಿಯಾಗುವುದೇ ಸಿದ್ಧಿಯೆ?

ಫೈಬರ್ ದೋಣಿ ಹೊರಗಿನಿಂದ ಒಳಕ್ಕೆ ಹುಟ್ಟುತ್ತದೆ. ಅಚ್ಚಿನ ಒಳಮೈಗೆ ಮೊದಲು ಮೇಣ ಉಜ್ಜುತ್ತಾರೆ. ಅದರ ಮೇಲೆ ಅರ್ಧ ಮಿಲಿಮೀಟರ್ ದಪ್ಪಕ್ಕೆ ಬಣ್ಣದ ಜೆಲ್‌ಕೋಟ್ ಬಳಿಯುತ್ತಾರೆ. ಅದು ಬಿಗಿದ ಮೇಲೆ ಗಾಜಿನ ನಾರಿನ ಮ್ಯಾಟ್ ಹಾಸಿ, ರೆಸಿನ್ ಕುಡಿಸಿ, ಪದರದ ಮೇಲೆ ಪದರ ಏರಿಸುತ್ತಾರೆ. ಕೊನೆಗೆ ಅಚ್ಚಿನಿಂದ ಬಿಡಿಸಿ ಮಗುಚಿದಾಗ, ಎಲ್ಲಕ್ಕಿಂತ ಮೊದಲು ಬಳಿದದ್ದೇ ದೋಣಿಯ ಹೊರಮೈಯಾಗಿ ಹೊಳೆಯುತ್ತದೆ. ದುರಸ್ತಿಯಲ್ಲಿ ಈ ಕ್ರಮ ತಿರುಗುಮುರುಗು. ಹೊಳೆಯ ಬಂಡೆಗೆ ತಾಗಿ ಕಿತ್ತುಹೋದ ಜಾಗವನ್ನು ಉಜ್ಜಿ, ಮ್ಯಾಟ್ ತುಂಬಿ, ಎಲ್ಲ ಮುಗಿದ ಮೇಲೆ ಜೆಲ್‌ಕೋಟ್ ಬಳಿಯಬೇಕು. ತೊಂದರೆ ಶುರುವಾಗುವುದು ಅಲ್ಲಿಯೇ. ಅಚ್ಚಿನೊಳಗೆ ಕೆಲವೇ ಗಂಟೆಗಳಲ್ಲಿ ಬಿಗಿದುಕೊಂಡ ಪದಾರ್ಥವೇ ಬಯಲಿನಲ್ಲಿ ಎರಡು ದಿನ ಕಳೆದರೂ ಬೆರಳಿಗೆ ಅಂಟುತ್ತದೆ. ‘ಇನ್ನೂ ಜಿಗಿ ಐತೆ’ ಎಂದು ಮೇಸ್ತ್ರಿ ಮುಖ ಸಿಂಡರಿಸುತ್ತಾನೆ.

ಇಂಥ ಹೊತ್ತಿನಲ್ಲಿ ಬೈಸಿಕೊಳ್ಳುವುದು ಸಾಮಾನ್ಯವಾಗಿ ಹಾರ್ಡ್ನರ್. ನಿಜವಾದ ಆರೋಪಿ ಗಾಳಿ. ಜೆಲ್‌ಕೋಟ್ ಎಂಬುದು ಸ್ಟೈರೀನ್ ಎಂಬ ದ್ರವದಲ್ಲಿ ಕರಗಿಸಿ ಬಣ್ಣ ಬೆರೆಸಿದ ಪಾಲಿಯೆಸ್ಟರ್ ರೆಸಿನ್. ಅಂಗಡಿಯಲ್ಲಿ ಹಾರ್ಡ್ನರ್ ಎಂದು ಕೊಡುವ ಎಂಇಕೆಪಿ ಒಂದು ಪೆರಾಕ್ಸೈಡ್. ರೆಸಿನ್‌ನಲ್ಲಿ ಮೊದಲೇ ಬೆರೆತಿರುವ ಕೋಬಾಲ್ಟ್ ಅದನ್ನು ಒಡೆಯುತ್ತದೆ. ಒಡೆದಾಗ ಹುಟ್ಟುವ ಚುರುಕಾದ ಕಣಗಳು ರೆಸಿನ್ನಿನ ಉದ್ದನೆಯ ಸರಪಳಿಗಳನ್ನು ಒಂದಕ್ಕೊಂದು ಹೆಣೆಯುತ್ತ ಹೋಗುತ್ತವೆ. ಹೆಣಿಗೆ ಮುಗಿದರೆ ಮೈ ಗಟ್ಟಿ. ಆದರೆ ಗಾಳಿಯಲ್ಲಿರುವ ಆಮ್ಲಜನಕ ಆ ಕಣಗಳನ್ನು ನಡುವೆಯೇ ಹಿಡಿದು ಮಂಕು ಮಾಡಿಬಿಡುತ್ತದೆ. ಹಾಗಾಗಿ ಒಳಗೆಲ್ಲ ಬಿಗಿದಿದ್ದರೂ ಮೇಲಿನ ತೆಳುವಾದ ಪದರ ಅರೆಬರೆಯಾಗಿಯೇ ಉಳಿಯುತ್ತದೆ. ಅಚ್ಚಿನೊಳಗೆ ಆ ಪದರಕ್ಕೆ ಗಾಳಿಯ ಸೋಂಕು ಇರಲಿಲ್ಲ. ದುರಸ್ತಿಯಲ್ಲಿ ಅದು ಬರಿಮೈಯಲ್ಲಿ ನಿಂತಿದೆ.

ಉಪಾಯಗಳುಂಟು. ಸ್ಟೈರೀನ್‌ನಲ್ಲಿ ಕರಗಿಸಿದ ಮೇಣವನ್ನು ಕೊನೆಯ ಕೋಟಿನಲ್ಲಿ ಬೆರೆಸಿದರೆ, ಬಿಗಿಯುವ ಹೊತ್ತಿಗೆ ಆ ಮೇಣ ಮೇಲಕ್ಕೆ ತೇಲಿ ಬಂದು ಗಾಳಿಗೆ ಬಾಗಿಲು ಹಾಕುತ್ತದೆ. ಇಲ್ಲವೇ ಪಿವಿಎ ದ್ರಾವಣ ಸಿಂಪಡಿಸಿ ತೆಳ್ಳನೆಯ ಪೊರೆ ಕಟ್ಟಿಸಬಹುದು, ಮೈಲಾರ್ ಹಾಳೆ ಹೊದಿಸಿ ಅಂಚಿಗೆ ಟೇಪ್ ಹಚ್ಚಬಹುದು. ಹಾರ್ಡ್ನರ್ ಶೇಕಡಾ 1ರಿಂದ 2ರೊಳಗೆ ಇರಬೇಕು. ಕಡಿಮೆಯಾದರೆ ಹೆಣಿಗೆ ಅರ್ಧಕ್ಕೇ ನಿಲ್ಲುತ್ತದೆ. ಹೆಚ್ಚಾದರೆ ಸರಪಳಿಗಳು ತುಂಡು ತುಂಡಾಗಿ, ಮೈ ಪೆಡಸಾಗಿ, ಬರುಬರುತ್ತ ಹಳದಿಗೆ ತಿರುಗುತ್ತದೆ. ಚಳಿಯಲ್ಲಿ ಕೆಲಸ ತೆವಳುತ್ತದೆ. ನಲವತ್ತು ಡಿಗ್ರಿ ದಾಟುವ ಬಳ್ಳಾರಿಯ ಏಪ್ರಿಲ್‌ನಲ್ಲಿ ಬ್ರಷ್ ಎತ್ತುವ ಮೊದಲೇ ಡಬ್ಬಿಯಲ್ಲೇ ಬಿಗಿದುಕೊಳ್ಳುತ್ತದೆ. ಕೋಬಾಲ್ಟನ್ನೂ ಹಾರ್ಡ್ನರನ್ನೂ ನೇರವಾಗಿ ಬೆರೆಸಿದರಂತೂ ಸ್ಫೋಟವೇ ಆಗಬಹುದು. ಅವೆರಡೂ ರೆಸಿನ್ನಿನ ಮಧ್ಯಸ್ಥಿಕೆಯಲ್ಲೇ ಭೇಟಿಯಾಗಬೇಕು.

ಒಮ್ಮೆ ಬಿಗಿದ ಮೇಲೆ ಜೆಲ್‌ಕೋಟ್ ಹಿಂದಕ್ಕೆ ಬರುವುದಿಲ್ಲ. ಕಾಯಿಸಿದರೆ ಕರಗದು, ಸುಟ್ಟರೆ ಸುಟ್ಟೇಹೋಗುತ್ತದೆ. ಬೇಡವೆಂದರೆ ಉಜ್ಜಿ ಉದುರಿಸಬೇಕು. ಒಂದು ವಸ್ತು ನಿಜವಾಗಿ ‘ಆಯಿತು’ ಎನ್ನುವುದು ಯಾವಾಗ? ಇನ್ನೆಂದೂ ಬದಲಾಗಲಾರದಷ್ಟು ಗಟ್ಟಿಯಾದಾಗಲೋ, ಬೇಕಾದಾಗ ಬಿಚ್ಚಿ ಮತ್ತೆ ಕಟ್ಟಲು ಬರುವಂತೆ ಉಳಿದಾಗಲೋ? ಫೈಬರ್ ಕೆಲಸದವನಿಗೆ ಈ ಪ್ರಶ್ನೆ ಬೇಕಿಲ್ಲ. ತುಂಗಭದ್ರೆಯ ಬಳ್ಳಾರಿ ಸೀಮೆಯ ದಂಡೆಯ ಗುಡಿಗಳಲ್ಲಿ, ಮಠಗಳಲ್ಲಿ, ಕಾವ್ಯಗಳಲ್ಲಿ ಇದನ್ನು ಬೇರೆ ಬೇರೆ ವೇಷದಲ್ಲಿ ಕೇಳುತ್ತಲೇ ಬಂದಿದ್ದಾರೆ, ಮತ್ತು ಸಿಕ್ಕಿರುವ ಉತ್ತರಗಳು ಜೆಲ್‌ಕೋಟಿನ ಪರವಾಗಿ ಇಲ್ಲ.

ಮೊದಲು ಹರಿಗೋಲನ್ನೇ ನೋಡಬೇಕು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಕಡೆಗೆ ಹೊಳೆ ದಾಟಿಸುತ್ತಿದ್ದ ಬುಟ್ಟಿಯಾಕಾರದ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದಿಪ್ಪತ್ತು ಮಂದಿ ಕೂರಬಹುದು, ಬೇಕಾದರೆ ಕುದುರೆ ಎತ್ತುಗಳನ್ನೂ ಸಾಗಿಸಬಹುದು, ನೇರ ಹೋಗುವುದು ಮಾತ್ರ ಗೊತ್ತಿಲ್ಲ, ಸುತ್ತುತ್ತಲೇ ಹೋಗುತ್ತವೆ ಎಂದು ಅವನ ವರದಿ. ಅನಂತರ ತೊಗಲಿನ ಜಾಗಕ್ಕೆ ಗೋಣಿತಟ್ಟು, ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು ಬಂದವು. ಈಗೀಗ ಫೈಬರ್ ಹರಿಗೋಲೂ ಬಂದಿದೆ. ಬಿದಿರಿನ ಬುಟ್ಟಿಯಲ್ಲಿ ಶಾಶ್ವತವಾದದ್ದು ಏನೂ ಇಲ್ಲ. ದಬ್ಬೆ ಮುರಿದರೆ ಹೊಸ ದಬ್ಬೆ ಸಿಕ್ಕಿಸುತ್ತಾರೆ. ಡಾಂಬರು ಬಿಸಿಲಿಗೆ ಮೆತ್ತಗಾಗಿ ಬಿರುಕನ್ನು ತಾನೇ ಅಷ್ಟಿಷ್ಟು ಮುಚ್ಚಿಕೊಳ್ಳುತ್ತದೆ, ಸಾಲದಿದ್ದರೆ ಕಾಯಿಸಿ ಇನ್ನಷ್ಟು ಬಳಿಯುತ್ತಾರೆ. ಒಟ್ಟು ವಸ್ತುವೇ ದುರಸ್ತಿಯ ಮೇಲೆ ನಿಂತಿದೆ. ಇಂಥ ದೋಣಿ ನಡೆಸುವ ಕಾಯಕದವನೊಬ್ಬ 12ನೇ ಶತಮಾನದಲ್ಲಿ ವಚನಕಾರನಾದ. ಬೇರೆಯವರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡರೆ ಅಂಬಿಗರ ಚೌಡಯ್ಯ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ನೀರಿನ ಮೇಲೆ ಜೀವನ ಮಾಡುವವನ ಧೈರ್ಯವೇ ಬೇರೆ!

ದಬ್ಬೆಗಳೆಲ್ಲ ಒಂದೊಂದಾಗಿ ಬದಲಾದ ಮೇಲೆ ಅದು ಅದೇ ಹರಿಗೋಲೇ? ಗ್ರೀಕರು ಥೀಸಿಯಸ್‌ನ ಹಡಗನ್ನು ಮುಂದಿಟ್ಟುಕೊಂಡು ಕೇಳಿದ ಪ್ರಶ್ನೆಯಿದು. ಅಷ್ಟು ದೂರ ಹೋಗುವ ಅಗತ್ಯ ಇಲ್ಲಿಲ್ಲ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳದ ಬಂಡೆಗಳ ಮೇಲೆ, ಅಶೋಕನ ಹೆಸರನ್ನೇ ಹೊತ್ತಿರುವ ಅಪರೂಪದ ಶಾಸನಗಳಿವೆ. ಬೌದ್ಧರ ಮಾತು ಈ ನೆಲಕ್ಕೆ ಅಷ್ಟು ಹಿಂದೆಯೇ ಬಂದಿತ್ತು. ಅಶೋಕನ ಕಾಲದ ಎಷ್ಟೋ ಅನಂತರ ನಾಗಸೇನ ಭಿಕ್ಷು ಮಿಲಿಂದ ರಾಜನಿಗೆ ರಥದ ಉದಾಹರಣೆ ಕೊಟ್ಟು ವಾದಿಸಿದ್ದು ಇದನ್ನೇ: ಗಾಲಿ, ಅಚ್ಚು, ನೊಗ ಬಿಡಿಸಿಟ್ಟರೆ ರಥವೆಂಬುದು ಎಲ್ಲಿಯೂ ಇಲ್ಲ, ಅದು ವ್ಯವಹಾರಕ್ಕೆ ಇಟ್ಟುಕೊಂಡ ಹೆಸರು. ನ್ಯಾಯ-ವೈಶೇಷಿಕರಿಗೆ ಇದು ಒಪ್ಪಿಗೆಯಿಲ್ಲ. ಅವರ ಪ್ರಕಾರ ಇಡಿಯ ವಸ್ತು ಬಿಡಿಭಾಗಗಳಿಗಿಂತ ಬೇರೆಯಾಗಿಯೇ ಇದೆ. ಆದರೆ ಬಟ್ಟೆಯಿಂದ ಒಂದು ನೂಲೆಳೆ ಕಿತ್ತರೂ ಹಳೆಯ ಬಟ್ಟೆ ನಾಶವಾಗಿ ಆ ಕ್ಷಣವೇ ಹೊಸದೊಂದು ಬಟ್ಟೆ ಹುಟ್ಟುತ್ತದೆ. ಇದಕ್ಕೆ ಅವರು ಖಂಡಪಟವೆಂದು ಹೆಸರನ್ನೂ ಇಟ್ಟರು. ಈ ಲೆಕ್ಕದಲ್ಲಿ ಹರಿಗೋಲಿಗೆ ಹೊಸ ದಬ್ಬೆ ಸಿಕ್ಕಿಸುವ ಮೇದಾರ ಪ್ರತಿ ಸಲವೂ ಸೃಷ್ಟಿಕರ್ತ. ಕೂಲಿ ಮಾತ್ರ ರಿಪೇರಿಯದು.

ಇವೆರಡರ ನಡುವಿನ ದಾರಿ ಮಾಧ್ವರದು. ಸಿರುಗುಪ್ಪದ ಹತ್ತಿರ ತುಂಗಭದ್ರೆಯ ದಂಡೆಯಲ್ಲಿರುವ ಕೆಂಚನಗುಡ್ಡದಲ್ಲಿ ರಾಘವೇಂದ್ರ ಮಠದ ಪರಂಪರೆಯ 18ನೇ ಶತಮಾನದ ಯತಿ ವಸುಧೇಂದ್ರ ತೀರ್ಥರ ವೃಂದಾವನವಿದೆ. ಆ ಪರಂಪರೆಯ ತರ್ಕ ಹೀಗೆ: ವಸ್ತು ಇರುವಷ್ಟು ಕಾಲವೂ ಜೊತೆಗಿರುವ ಅಂಶ ವಸ್ತುವಿಗಿಂತ ಬೇರೆಯಲ್ಲ. ನಡುವೆ ಬಂದು ನಡುವೆ ಹೋಗುವ ಅಂಶ ವಸ್ತುವಿಗಿಂತ ಬೇರೆಯೂ ಹೌದು, ಬೇರೆಯಲ್ಲದ್ದೂ ಹೌದು. ತರ್ಕಶಾಸ್ತ್ರದ ಕೂದಲು ಸೀಳುವಿಕೆಯಂತೆ ಕೇಳಿಸಬಹುದು. ಆದರೆ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಕಾಲುವೆ ನೀರು ನಂಬಿದ್ದ ಸಿರುಗುಪ್ಪದ ಭತ್ತದ ರೈತರಿಗೆ ಈ ತರ್ಕ ಹೊಟ್ಟೆಯ ಪ್ರಶ್ನೆಯೇ ಆಗಿತ್ತು. ಮೂವತ್ಮೂರು ಗೇಟುಗಳಲ್ಲಿ ಒಂದು ಹೋಯಿತು. ಅಣೆಕಟ್ಟೆ ಹೋಯಿತೇ, ಉಳಿಯಿತೇ? ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಉಕ್ಕಿನ ಸ್ಟಾಪ್‌ಲಾಗ್‌ಗಳನ್ನು ಒಂದರ ಮೇಲೊಂದು ಇಳಿಸಿ, ಒಂದು ವಾರದಲ್ಲಿ ಬಾಯಿ ಮುಚ್ಚಿದರು. 1953ರಲ್ಲಿ ಮುಗಿದ ಅಣೆಕಟ್ಟೆ ಆ ಮೇಲೂ ‘ಅದೇ’ ಅಣೆಕಟ್ಟೆ. ಬದಲಿ ಗೇಟು ಬೇರೆಯೂ ಹೌದು, ಬೇರೆಯಲ್ಲದ್ದೂ ಹೌದು. ಶ್ರೀಮಧ್ವರ ಅನುಯಾಯಿಗಳು ಕೇಳಿದರೆ ಹುಬ್ಬೇರಿಸಿಯಾರು, ಆದರೆ ನೀರಾವರಿ ಇಲಾಖೆಯ ಎಂಜಿನಿಯರು ನಡೆಸುವ ವ್ಯವಹಾರ ಇದೇ ಸೂತ್ರದಲ್ಲಿದೆ.

ದೇವರ ವಿಷಯಕ್ಕೆ ಬಂದರೆ ಪ್ರಶ್ನೆ ಇನ್ನೂ ಸೂಕ್ಷ್ಮವಾಗುತ್ತದೆ. ಗರ್ಭಗುಡಿಯಲ್ಲಿ ಮೂರ್ತಿ ಪೀಠದ ಕುಳಿಯಲ್ಲಿ ಕೂರುತ್ತದೆ. ಅವೆರಡರ ನಡುವಿನ ಸಂದನ್ನು ತುಂಬುವ ಅಂಟಿಗೆ ಅಷ್ಟಬಂಧ ಎಂದು ಹೆಸರು. ಎಂಟು ಪದಾರ್ಥಗಳ ಪಟ್ಟಿ ಒಂದು ಸಂಪ್ರದಾಯದಿಂದ ಇನ್ನೊಂದಕ್ಕೆ ಸ್ವಲ್ಪ ಬದಲಾಗುತ್ತದೆ: ಅರಗು, ರಾಳ, ಜೇನುಮೇಣ, ಬೆಣ್ಣೆ, ಕಾವಿ, ಶಂಖದ ಪುಡಿ, ಹತ್ತಿ, ನೆಲ್ಲಿ, ಅಳಲೆ, ಹೊಳೆಯ ಮರಳು ಹೀಗೆ. ಕಲ್ಲಿನ ಒರಳಿನಲ್ಲಿ ದಿನಗಟ್ಟಲೆ ಕುಟ್ಟಿ ಹದಕ್ಕೆ ತಂದು, ಮೆತ್ತಗಿರುವಾಗಲೇ ಸಂದಿಗೆ ತುಂಬಿ ಒತ್ತುತ್ತಾರೆ. ಅದು ನಿಧಾನವಾಗಿ ಗಟ್ಟಿಯಾಗುತ್ತದೆ.

ರಸಾಯನಶಾಸ್ತ್ರದ ಕಣ್ಣಿಂದ ನೋಡಿದರೆ ಅಷ್ಟಬಂಧಕ್ಕೂ ಜೆಲ್‌ಕೋಟಿಗೂ ಇರುವ ದೊಡ್ಡ ವ್ಯತ್ಯಾಸ ಒಂದೇ. ಅರಗು, ರಾಳ, ಮೇಣಗಳು ಬಿಸಿಗೆ ಮೆತ್ತಗಾಗುತ್ತವೆ, ತಣಿದರೆ ಬಿಗಿಯುತ್ತವೆ. ಅಂದರೆ ಈ ಬಂಧ ಬಿಡಿಸಲು ಬರುವ ಬಂಧ. ಬರುವುದಷ್ಟೇ ಅಲ್ಲ, ಬಿಡಿಸಲೇಬೇಕು ಎಂಬುದು ಆಗಮದ ಪದ್ಧತಿ: ಸಾಮಾನ್ಯವಾಗಿ ಹನ್ನೆರಡು ವರ್ಷಕ್ಕೊಮ್ಮೆ ಹಳೆಯ ಅಷ್ಟಬಂಧ ತೆಗೆದು ಹೊಸದು ಹಾಕಿ ಕುಂಭಾಭಿಷೇಕ ಮಾಡಬೇಕು. ದೇವರನ್ನು ಭೂಮಿಗೆ ಕಟ್ಟಿಹಾಕುವ ಗಂಟನ್ನೇ ಹನ್ನೆರಡು ವರ್ಷದ ಆಯುಷ್ಯಕ್ಕೆ ರೂಪಿಸಿದ ಬುದ್ಧಿಯನ್ನು ಮೆಚ್ಚದೆ ವಿಧಿಯಿಲ್ಲ. ಅಂಟು ಸೋಲುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡು, ಆ ಸೋಲನ್ನೇ ಹಬ್ಬವಾಗಿಸಿದ ವ್ಯವಸ್ಥೆಯಿದು.

ಹಾಗಾದರೆ ಅಂಟು ಬಿಡಿಸಿದ ಹೊತ್ತಿನಲ್ಲಿ ದೇವರು ಎಲ್ಲಿರುತ್ತಾನೆ? ಆಗಮದಲ್ಲಿ ಇದಕ್ಕೂ ಏರ್ಪಾಡಿದೆ. ಕಲಾಕರ್ಷಣ ಎಂಬ ವಿಧಿಯಲ್ಲಿ ಮೂರ್ತಿಯಲ್ಲಿನ ಕಳೆಯನ್ನು ನೀರು ತುಂಬಿದ ಕುಂಭಕ್ಕೆ ಬರಮಾಡಿಕೊಂಡು, ಬಾಲಾಲಯ ಎಂಬ ತಾತ್ಕಾಲಿಕ ನೆಲೆಯಲ್ಲಿಟ್ಟು ಪೂಜೆ ನಡೆಸುತ್ತಾರೆ. ಕೆಲಸ ಮುಗಿದ ಮೇಲೆ ಆ ಕುಂಭದ ನೀರಿನಿಂದಲೇ ಅಭಿಷೇಕವಾಗಿ ಕಳೆ ಮೂರ್ತಿಗೆ ಮರಳುತ್ತದೆ. ಅನಂತರ 48 ದಿನಗಳ ಮಂಡಲ ಪೂಜೆ. ಅಂದರೆ ಕಲ್ಲು ಶಾಶ್ವತ, ಅಂಟು ಶಾಶ್ವತ ಎಂಬ ಹಟ ಎಲ್ಲಿಯೂ ಇಲ್ಲ. ಎಲ್ಲಕ್ಕಿಂತ ಆಕಾರವಿಲ್ಲದ, ಎಲ್ಲಕ್ಕಿಂತ ಗಟ್ಟಿಯಲ್ಲದ ನೀರಿನಲ್ಲಿ ದೇವರನ್ನು ಧೈರ್ಯವಾಗಿ ಇರಿಸುತ್ತಾರೆ. ದುರಸ್ತಿಯ ಕಾಲದಲ್ಲಿ ಬದಲಾಗದೆ ಉಳಿಯುವುದು ಯಾವುದು ಎಂಬ ಪ್ರಶ್ನೆಗೆ ಥೀಸಿಯಸ್‌ನ ಹಡಗಿನ ವಾದಗಳಿಗಿಂತ ಈ ಕುಂಭ ಹೆಚ್ಚು ಸ್ಪಷ್ಟವಾದ ಉತ್ತರ.

ಗುಡಿಯ ಮೂರ್ತಿಯನ್ನೇ ಬಿಟ್ಟು ಲಿಂಗವನ್ನು ಮೈಮೇಲೆ ಧರಿಸಿದ ಶರಣರ ದಾರಿಯಲ್ಲಿಯೂ ಒಂದು ಲೇಪದ ಕತೆಯಿದೆ. ಇಷ್ಟಲಿಂಗದ ಒಳಗಿರುವುದು ಕಲ್ಲಿನ ಪಂಚಸೂತ್ರ ಲಿಂಗ. ಅದರ ಮೇಲೆ ಸಗಣಿಯ ಬೂದಿಯನ್ನು ಎಣ್ಣೆಯಲ್ಲಿ ಅರೆದು ಮಾಡಿದ ಕಪ್ಪನೆಯ ಕಂತಿಯನ್ನು ಕಟ್ಟುತ್ತಾರೆ. ಅಂಗೈಯಲ್ಲಿ ಹಿಡಿದು ದೃಷ್ಟಿ ನೆಟ್ಟಾಗ ಕಣ್ಣಿಗೆ ಕಾಣುವುದು ಕಂತಿಯೇ, ಒಳಗಿನ ಕಲ್ಲಲ್ಲ. ಮುಟ್ಟಿ, ತೊಳೆದು, ಪೂಜಿಸಿ ಸವೆದರೆ ಕಂತಿಯನ್ನು ಮತ್ತೆ ಕಟ್ಟಿಸಿಕೊಳ್ಳಬಹುದು. ಆದರೆ ಲಿಂಗವೇ ಕೈತಪ್ಪಿ ಹೋದರೆ? ಸಿದ್ಧಾಂತಶಿಖಾಮಣಿಯಲ್ಲಿ ಅಂಥವನು ಪ್ರಾಣವನ್ನೇ ಬಿಡಬೇಕೆಂಬ ಕಠಿಣ ಮಾತಿದೆ. ಇಂದು ಗುರುವಿನಿಂದ ಮತ್ತೆ ಲಿಂಗಧಾರಣೆ ಮಾಡಿಸಿಕೊಳ್ಳುವುದೇ ರೂಢಿ. ಕಠಿಣವಾದ ಮಾತು ಗ್ರಂಥದಲ್ಲಿ ಉಳಿಯಿತು, ಮತ್ತೆ ಕಟ್ಟಿಕೊಳ್ಳುವ ದಾರಿ ಬದುಕಿನಲ್ಲಿ ಉಳಿಯಿತು. ಒಳ್ಳೆಯದೇ ಆಯಿತು.

ಇಷ್ಟಾದರೂ ಗಟ್ಟಿತನದ ಪರವಾದ ವಾದ ಮುಗಿದಿಲ್ಲ. ಫೈಬರ್ ಕೆಲಸದವರು ದುರಸ್ತಿ ಸರಿಯಾಗಿದೆಯೇ ಎಂದು ತಿಳಿಯಲು ನಾಣ್ಯದಿಂದ ತಟ್ಟಿ ನೋಡುತ್ತಾರೆ. ‘ಟಣ್’ ಎಂದರೆ ಪದರಗಳು ಕೂಡಿಕೊಂಡಿವೆ. ‘ಡಬ್’ ಎಂದರೆ ಒಳಗೆ ಪೊಳ್ಳು. ಶಿಲ್ಪಿಗಳದೂ ಅದೇ ಪರೀಕ್ಷೆ. ತಟ್ಟಿದಾಗ ಗಂಟೆಯಂತೆ ನಾದ ಕೊಡುವ ಕಲ್ಲು ಪುರುಷಶಿಲೆ, ಅದು ಮೂರ್ತಿಗೆ. ಮೆಲುದನಿಯದು ಸ್ತ್ರೀಶಿಲೆ, ಅದು ಪೀಠಕ್ಕೆ. ದನಿಯೇ ಇಲ್ಲದ್ದು ನಪುಂಸಕ ಶಿಲೆ, ಅದು ಅಡಿಗೆ. ಇದಕ್ಕೂ ಮೊದಲು, ಬಳ್ಳಾರಿಯ ಅಂಚಿನ ಸಂಗನಕಲ್ಲು–ಕುಪ್ಪಗಲ್ಲು ಬೆಟ್ಟದ ಮೇಲೆ ನವಶಿಲಾಯುಗದ ಜನ ಕರಿಕಲ್ಲುಗಳನ್ನು ತಟ್ಟುತ್ತಿದ್ದರು. ಬಟ್ಟಲಿನಂತೆ ಕುಳಿಬಿದ್ದ ಆ ಜಾಗಗಳಲ್ಲಿ ಇಂದಿಗೂ ಸಣ್ಣ ಕಲ್ಲಿನಿಂದ ಹೊಡೆದರೆ ಲೋಹದಂಥ ನಾದ ಬರುತ್ತದೆ. ಏಕೆ ತಟ್ಟುತ್ತಿದ್ದರು ಎಂಬುದನ್ನು ವಿದ್ವಾಂಸರು ಆಚರಣೆಯೊಂದಿಗೆ ಜೋಡಿಸುತ್ತಾರೆ. ಒಟ್ಟಿನಲ್ಲಿ ಸದ್ದು ಬಂದರೆ ಪಕ್ವ ಎಂಬ ನಂಬಿಕೆ ಈ ಸೀಮೆಯಲ್ಲಿ ಬಹಳ ಹಳೆಯದು.

ಈ ನಂಬಿಕೆಯನ್ನು ನೇರವಾಗಿ ಎದುರಿಸಿದ ಕತೆ ಇದೇ ಸೀಮೆಯ ಕಾವ್ಯದಲ್ಲಿದೆ. ಪ್ರೌಢದೇವರಾಯನ ಕಾಲದಲ್ಲಿ, ಅಂದರೆ 15ನೇ ಶತಮಾನದ ಮೊದಲರ್ಧದಲ್ಲಿ, ವಿಜಯನಗರದಲ್ಲಿದ್ದ ಚಾಮರಸ ಬರೆದ ಪ್ರಭುಲಿಂಗಲೀಲೆಯಲ್ಲಿ ಗೋರಕ್ಷ ಮತ್ತು ಅಲ್ಲಮರು ಎದುರಾಗುತ್ತಾರೆ. ಗೋರಕ್ಷ ಯೋಗದಿಂದ ವಜ್ರಕಾಯ ಸಾಧಿಸಿದವನು. ತನ್ನ ಮೈಯನ್ನು ಕಡಿದು ನೋಡು ಎಂದು ಖಡ್ಗ ಕೊಡುತ್ತಾನೆ. ಅಲ್ಲಮ ಬೀಸಿ ಹೊಡೆದರೆ ಮೈ ಖಣಿಲೆಂದು ಸದ್ದು ಮಾಡುತ್ತದೆ, ಒಂದು ರೋಮವೂ ಕೊಂಕುವುದಿಲ್ಲ. ಗೋರಕ್ಷನಿಗೆ ಹೆಮ್ಮೆ. ಅಲ್ಲಮನಿಗೆ ಮಾತ್ರ ಆ ಸದ್ದೇ ಕೊರತೆಯ ಗುರುತು. ಈಗ ನನ್ನನ್ನು ಹೊಡೆ ಎನ್ನುತ್ತಾನೆ. ಗೋರಕ್ಷ ಎಷ್ಟು ಬೀಸಿದರೂ ಖಡ್ಗ ಬಯಲಿನಲ್ಲಿ ಆಡಿದ ಹಾಗೆ ಅಲ್ಲಮನ ಮೈಯೊಳಗೆ ಹಾದು ಹೋಗುತ್ತದೆ. ಸದ್ದಿಲ್ಲ, ತಡೆಯಿಲ್ಲ. ಗೋರಕ್ಷ ಶರಣಾಗುತ್ತಾನೆ. ಶೂನ್ಯಸಂಪಾದನೆಗಳಲ್ಲೂ ಈ ಪ್ರಸಂಗಕ್ಕೆ ದೊಡ್ಡ ಸ್ಥಾನವಿದೆ.

ಈ ಕತೆಯನ್ನು ಪವಾಡವೆಂದು ಓದಿದರೆ ಸ್ವಾರಸ್ಯ ಹೋಗುತ್ತದೆ. ಗೋರಕ್ಷನದು ಪೂರ್ತಿ ಬಿಗಿದ ಮೈ. ರಸವಿದ್ಯೆಯ ಸಿದ್ಧರು ಪಾದರಸವನ್ನು ಕಟ್ಟಿ ದೇಹವನ್ನೂ ಹಾಗೆಯೇ ಕಟ್ಟಬಹುದೆಂದು ನಂಬಿದವರು. ಅವರ ಕನಸು ಒಂದೇ ಸಲಕ್ಕೆ, ಇನ್ನೆಂದೂ ಸವೆಯದಂತೆ ಗಟ್ಟಿಯಾಗುವುದು. ಅಲ್ಲಮನ ಆಕ್ಷೇಪ ಆ ಸಾಧನೆ ಸುಳ್ಳೆಂದಲ್ಲ. ಅದು ನಿಜವಾಗಿಯೇ ಸಾಧ್ಯವಾಗಿದೆ, ತೊಂದರೆ ಅದೇ. ಗಟ್ಟಿಯಾದ ಮೈ ಹೊಡೆತವನ್ನು ತಡೆಯುತ್ತದೆ, ತಡೆಯುವುದರಿಂದಲೇ ಹೊಡೆತಕ್ಕೆ ಕಟ್ಟುಬಿದ್ದಿರುತ್ತದೆ. ಹೊಡೆಯುವವನಿದ್ದರೆ ತಾನೇ ವಜ್ರಕಾಯಕ್ಕೆ ಬೆಲೆ!

ಗೋರಕ್ಷನ ಪರವಾಗಿಯೂ ಒಂದು ಮಾತು ಹೇಳಬೇಕು, ಕವಿಗಳು ಅವನಿಗೆ ಪೂರ್ತಿ ನ್ಯಾಯ ಮಾಡಿಲ್ಲ. ಅಲ್ಲಮನ ಮೈಯಲ್ಲಿ ಕೂತು ಹೊಳೆ ದಾಟಲು ಆಗುವುದಿಲ್ಲ. ಮಳೆಗಾಲದಲ್ಲಿ ತುಂಬಿ ಬರುವ ತುಂಗಭದ್ರೆಗೆ ಇಳಿಯುವ ದೋಣಿಗೆ ವಜ್ರಕಾಯವೇ ಬೇಕು. ಅರೆಬರೆ ಬಿಗಿದ ಜೆಲ್‌ಕೋಟಿನ ಮೂಲಕ ನೀರು ಒಳಗಿನ ಪದರಗಳಿಗೆ ಸೇರಿದರೆ ಬೊಬ್ಬೆ ಏಳುತ್ತದೆ, ಪದರ ಬಿಡುತ್ತದೆ. ದೋಣಿಯ ವಿಷಯದಲ್ಲಿ ‘ಎಲ್ಲವೂ ಬಯಲು’ ಎಂದು ಕೂರುವ ಅಂಬಿಗನನ್ನು ಯಾರೂ ನಂಬಬಾರದು. ಜೀವ ಉಳಿಸುವ ಕಡೆ ಬಿಡಿಸಲಾಗದ ಗಟ್ಟಿತನ ಧರ್ಮವೇ. ಅದೇ ಗಟ್ಟಿತನವನ್ನು ತಂದು ದೇವರಿಗೆ, ಶ್ರದ್ಧೆಗೆ, ಹಳೆಯ ಕಲ್ಲಿಗೆ ಬಳಿದಾಗ ತಪ್ಪು ಶುರುವಾಗುತ್ತದೆ.

ಗಾಳಿಯ ವಿಷಯದಲ್ಲೂ ಈ ಎರಡು ದಾರಿ ಕಾಣುತ್ತವೆ. ಜೆಲ್‌ಕೋಟಿಗೆ ಗಾಳಿ ಶತ್ರು. ಹಳೆಯ ಗುಡಿಗಳ, ಕೋಟೆಗಳ ಸುಣ್ಣದ ಗಾರೆಗೆ ಗಾಳಿಯೇ ಜೀವ: ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ವರ್ಷಗಟ್ಟಲೆ ಮೆಲ್ಲಗೆ ಹೀರಿಕೊಂಡು ಅದು ಮತ್ತೆ ಸುಣ್ಣಕಲ್ಲಾಗುತ್ತದೆ. ಹೊಸ ಕಟ್ಟಡಕ್ಕೆ ಅವಸರವಿರುವ ಕಾಲದಲ್ಲಿ ಸುಣ್ಣದ ನಿಧಾನ ಯಾರಿಗೂ ಬೇಡವಾಗಿದೆ. ಆದರೆ ಆ ನಿಧಾನದಲ್ಲಿ ಗೋಡೆ ಉಸಿರಾಡುತ್ತದೆ, ಒಳಗಿನ ತೇವ ಹೊರಗೆ ಹೋಗುತ್ತದೆ, ಬಿರುಕು ಬಿಟ್ಟರೆ ಮತ್ತೆ ಸುಣ್ಣವನ್ನೇ ತುಂಬಬಹುದು.

ಬಿರುಕು ಗೋಡೆಯದಲ್ಲದೆ ಮೂರ್ತಿಯದೇ ಆದರೆ? ಮುರಿದ ಮೂರ್ತಿಗೆ ಪೂಜೆಯಿಲ್ಲ ಎಂಬುದು ಎಲ್ಲರಿಗೂ ತಿಳಿದ ನಿಯಮ. ಆದರೆ ಸ್ವಯಂಭೂ ಲಿಂಗಕ್ಕೂ ಬಾಣಲಿಂಗಕ್ಕೂ ಆ ನಿಯಮವಿಲ್ಲ. ಬಿರಿದರೂ ಅವುಗಳನ್ನು ಬಿಡುವಂತಿಲ್ಲ. 2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಹಂಪಿಯಲ್ಲಿ, 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಪ್ರತಿಷ್ಠೆಯಾದ 6.7 ಮೀಟರ್ ಎತ್ತರದ ಲಕ್ಷ್ಮೀನರಸಿಂಹ ಮುರಿದು ಪೂಜೆ ತಪ್ಪಿಸಿಕೊಂಡು ಕೂತಿದ್ದಾನೆ. ಪಕ್ಕದಲ್ಲೇ ನೀರಿನಲ್ಲಿ ನಿಂತ ಬಡವಿಲಿಂಗಕ್ಕೆ ಪೂಜೆಯುಂಟು. 1980ರ ದಶಕದಲ್ಲಿ ಪುರಾತತ್ವ ಇಲಾಖೆ ನರಸಿಂಹನ ಮೊಣಕಾಲುಗಳನ್ನೂ ಅವೆರಡನ್ನು ಹಿಡಿದಿಡುವ ಯೋಗಪಟ್ಟವನ್ನೂ ಮರಳಿ ಕಟ್ಟಿತು. ಲಕ್ಷ್ಮಿಯನ್ನು ಹೊಸದಾಗಿ ಕೆತ್ತಿ ಕೂರಿಸಲಿಲ್ಲ. ನರಸಿಂಹನ ಬೆನ್ನ ಮೇಲೆ ಉಳಿದಿರುವ ಅವಳ ಕೈ ಹಾಗೆಯೇ ಇದೆ. ಬೀಳದಂತೆ ಹಿಡಿದಿಡುವಷ್ಟು ದುರಸ್ತಿ, ಸುಳ್ಳು ಹೇಳುವಷ್ಟು ಬೇಡ ಎಂಬ ಈ ನಿರ್ಧಾರ ಸರಿಯಾದದ್ದು. 1964ರ ವೆನಿಸ್ ಸನ್ನದೂ ಹೊಸದಾಗಿ ಸೇರಿಸಿದ ಭಾಗ ಹಳೆಯದರಿಂದ ಬೇರೆಯಾಗಿ ಗುರುತು ಸಿಗಬೇಕು ಎನ್ನುತ್ತದೆ.

ಕುರುಗೋಡಿನಲ್ಲಿ ಬದಲಾಗದ ಗಟ್ಟಿತನ, ಮತ್ತೆ ಮತ್ತೆ ಕಟ್ಟುವ ದುರಸ್ತಿ ಎರಡೂ ಒಂದೇ ಕಡೆ ಸಿಗುತ್ತವೆ. ದೊಡ್ಡಬಸವೇಶ್ವರ ಒಂದೇ ಕಲ್ಲಿನಲ್ಲಿ ಕಡೆದ ಭಾರಿ ಬಸವಣ್ಣ, ಅವನಿಗೆ ಸಂದಿಲ್ಲ. ಜಾತ್ರೆಯ ತೇರು ಮರದ್ದು. ಮರ ಸವೆಯುತ್ತದೆ, ಅಚ್ಚು ಗಾಲಿಗಳು ಬದಲಾಗುತ್ತವೆ, ಬಣ್ಣ ಹೊಸದಾಗುತ್ತದೆ. ಆದರೂ ತೇರು ಎಳೆಯುವ ಮಿಣಿಗೆ ಕೈ ಹಾಕುವ ಭಕ್ತರಲ್ಲಿ ಯಾರೂ ಇದು ಹೋದ ವರ್ಷದ ತೇರೇ ಎಂದು ಕೇಳುವುದಿಲ್ಲ. ನಾಗಸೇನ ಭಿಕ್ಷು ಬಂದು ನಿಂತರೂ ಅವನ ಕೈಗೆ ಮಿಣಿ ಕೊಟ್ಟಾರು.

ಈ ಮಾತುಗಳನ್ನು ಇಷ್ಟು ಬೆಳೆಸಲು ಕಾರಣವಿದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಊರೂರಿನ ಹಳೆಯ ಗುಡಿಗಳಿಗೆ ಈಗ ಬರುತ್ತಿರುವುದು ಬಿಡಿಸಲಾಗದ ಪದಾರ್ಥಗಳೇ. ಕಲ್ಲುಕಂಬಕ್ಕೆ ಆಯಿಲ್ ಪೇಂಟ್, ಬಿರುಕಿಗೆ ಎಪಾಕ್ಸಿ, ಸುಣ್ಣದ ಗಾರೆ ಕಿತ್ತು ಸಿಮೆಂಟು, ಶಾಸನದ ಚಪ್ಪಡಿಯ ಮೇಲೆ ಗ್ರಾನೈಟ್. ಕೊಡುವವರ ಭಕ್ತಿಯಲ್ಲಿ ದೋಷವಿಲ್ಲ. ಪೇಂಟಿನ ಕೆಳಗೆ ತೇವ ಸಿಕ್ಕಿಕೊಂಡು ಕಲ್ಲಿನ ಮೈ ಪದರ ಪದರವಾಗಿ ಉದುರುತ್ತದೆ, ಸಿಮೆಂಟಿನ ಉಪ್ಪು ಕಲ್ಲಿಗೆ ಇಳಿಯುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಹನ್ನೆರಡು ವರ್ಷಕ್ಕೊಮ್ಮೆ ಬಿಡಿಸಿ ಕಟ್ಟುವ ಅಷ್ಟಬಂಧದ ಪರಂಪರೆಯವರೇ ‘ಇನ್ನು ನೂರು ವರ್ಷ ಮುಟ್ಟಬೇಕಾಗಿಲ್ಲ’ ಎಂಬ ಡಬ್ಬಿಯ ಮೇಲಿನ ಮಾತಿಗೆ ಮರುಳಾಗುವುದು ವಿಪರ್ಯಾಸ. ಮುಂದಿನ ತಲೆಮಾರಿಗೂ ಕೈಯಿಡಲು ಜಾಗ ಬಿಡದ ಸೇವೆಯಲ್ಲಿ ಭಕ್ತಿಗಿಂತ ಗೋರಕ್ಷನ ಹೆಮ್ಮೆಯೇ ಹೆಚ್ಚು.

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯ ಗುಡಿ ಸಮಿತಿಯವರು ಕಂಟ್ರಾಕ್ಟರನಿಗೆ ಮುಂಗಡ ಕೊಡುವ ಮೊದಲು ಒಂದು ಪ್ರಶ್ನೆ ಕೇಳಲಿ: ಬಳಿಯುವುದನ್ನು ನಾಳೆ ಬೇಡವೆಂದರೆ ಕಲ್ಲಿಗೆ ಗಾಯವಾಗದೆ ತೆಗೆಯಲು ಬರುತ್ತದೆಯೇ? ಬರುವುದಿಲ್ಲ ಎಂದರೆ ಕೆಲಸ ನಿಲ್ಲಿಸಿ ಪುರಾತತ್ವ ಇಲಾಖೆಯವರನ್ನೋ, ಸುಣ್ಣದ ಕೆಲಸ ಬಲ್ಲ ಹಳೆಯ ಗಾರೆಯವರನ್ನೋ ಕರೆಸಿ ಕೇಳುವುದು ಲೇಸು. ಹಳೆಯ ಗುಡಿಗಳ ದುರಸ್ತಿಯಲ್ಲಿ ಅನುಭವವಿರುವ ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟಿನಂಥ ಸಂಸ್ಥೆಗಳೂ ಇವೆ. ಗುಡಿ ಸಂರಕ್ಷಿತ ಸ್ಮಾರಕವಾಗಿದ್ದರೆ, ಕೇಂದ್ರದ 1958ರ ಮತ್ತು ರಾಜ್ಯದ 1961ರ ಕಾಯ್ದೆಗಳ ಪ್ರಕಾರ ಅನುಮತಿಯಿಲ್ಲದೆ ಅದಕ್ಕೆ ಬ್ರಷ್ ತಾಗಿಸುವಂತೆಯೂ ಇಲ್ಲ.